ದಯಾಮರಣ ಮತ್ತು ನೆರವಿನ ಆತ್ಮಹತ್ಯೆ

ವಾಸಿಯಾಗದ ಕಾಯಿಲೆಯಿಂದ ನರಳುತ್ತಿರುವ ಅಥವಾ ಮರಳಿ ಬಾರದ ಪ್ರಜ್ಞಾಹೀನತೆಯಲ್ಲಿರುವ ವ್ಯಕ್ತಿಯ ಸಾವನ್ನು, ಅದೇ ಅವರಿಗೆ ಹಿತವೆಂಬ ಕಾರಣಕ್ಕೆ, ಇನ್ನೊಬ್ಬರು ಉಂಟುಮಾಡುವುದಕ್ಕೆ ಅಥವಾ ತಡೆಯದೆ ಬಿಡುವುದಕ್ಕೆ ದಯಾಮರಣ ಎಂದು ಹೆಸರು. ಸಾಯುವ ಸಾಧನವನ್ನು ಬೇರೊಬ್ಬರು ಒದಗಿಸಿ, ಕೊನೆಯ ಕ್ರಿಯೆಯನ್ನು ವ್ಯಕ್ತಿ ತಾನೇ ನಡೆಸಿದರೆ ಅದು ನೆರವಿನ ಆತ್ಮಹತ್ಯೆ. ಭಾರತದ ಕಾನೂನು ಎರಡನೆಯದನ್ನು ಅಪರಾಧವೆನ್ನುತ್ತದೆ. ಮೊದಲನೆಯದರಲ್ಲಿ ಒಂದು ಭಾಗವನ್ನು ಮಾತ್ರ, ಅದೂ 2011ರಿಂದೀಚೆಗೆ, ಒಪ್ಪಿದೆ. ಆ ಒಪ್ಪಿಗೆಗೆ ಕಾರಣವಾದ ಮೊಕದ್ದಮೆಯ ಕೇಂದ್ರದಲ್ಲಿದ್ದವರು ಉತ್ತರ ಕನ್ನಡ ಜಿಲ್ಲೆ ಹೊನ್ನಾವರ ತಾಲ್ಲೂಕಿನ ಹಳದೀಪುರದವರು. ನ್ಯಾಯಾಲಯ ಹಾಕಿಕೊಟ್ಟ ಕ್ರಮವನ್ನು ಸರ್ಕಾರಿ ಸುತ್ತೋಲೆಯಾಗಿ ಹೊರಡಿಸಿದ ಮೊದಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಪರಿಭಾಷೆ ಮತ್ತು ವಿಧಗಳು

ಈ ವಿಷಯದ ಅರ್ಧ ಜಗಳ ಪದಗಳದ್ದೇ. ಪತ್ರಿಕೆಗಳು ದಯಾಮರಣ, ಇಚ್ಛಾಮರಣ, ಘನತೆಯ ಸಾವು ಎಂಬ ಮೂರನ್ನೂ ಒಂದರ ಬದಲು ಇನ್ನೊಂದಾಗಿ ಬಳಸುತ್ತವೆ. ಇಚ್ಛಾಮರಣ ಭೀಷ್ಮನ ಕಥೆಯಿಂದ ಬಂದ ಮಾತು. ಸಾವಿನ ಗಳಿಗೆಯನ್ನು ತಾನೇ ಆರಿಸಿಕೊಳ್ಳುವ ವರ ಅದು, ಅಲ್ಲಿ ಮತ್ತೊಬ್ಬರ ಕೈ ಇಲ್ಲ. ಔಷಧ ಕೊಟ್ಟು ಸಾವನ್ನು ತರುವುದು ಸಕ್ರಿಯ ದಯಾಮರಣ. ಉಸಿರಾಟದ ಯಂತ್ರ, ಡಯಾಲಿಸಿಸ್, ಕೊಳವೆಯ ಆಹಾರ ಮುಂತಾದ ಜೀವರಕ್ಷಕ ಚಿಕಿತ್ಸೆಯನ್ನು ಆರಂಭಿಸದಿರುವುದು ಅಥವಾ ನಿಲ್ಲಿಸುವುದು ನಿಷ್ಕ್ರಿಯ ದಯಾಮರಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2018ರ ತನ್ನ ಪರಿಭಾಷಾ ದಾಖಲೆಯಲ್ಲಿ ಈ ಎರಡನೆಯ ಹೆಸರನ್ನು ಕೈಬಿಡಬೇಕೆಂದಿತು. ಚಿಕಿತ್ಸೆ ನಿಲ್ಲಿಸಿದಾಗ ಸಾವು ಬರುವುದು ರೋಗದಿಂದ, ವೈದ್ಯರಿಂದ ಅಲ್ಲ ಎಂಬುದು ಅದರ ವಾದ. ವಾದ ಸರಿಯಾದರೂ ನ್ಯಾಯಾಲಯದ ತೀರ್ಪುಗಳಲ್ಲಿ ಹಳೆಯ ಹೆಸರೇ ನೆಲೆನಿಂತಿರುವುದರಿಂದ ಇಲ್ಲಿಯೂ ಅದನ್ನೇ ಉಳಿಸಿಕೊಂಡಿದೆ. ರೋಗಿಯ ಒಪ್ಪಿಗೆಯನ್ನು ಆಧರಿಸಿ ಇನ್ನೊಂದು ವಿಂಗಡಣೆ ಇದೆ: ರೋಗಿ ತಾನೇ ಕೇಳಿದ್ದು, ರೋಗಿಯ ಇಚ್ಛೆ ತಿಳಿಯಲು ಸಾಧ್ಯವಿಲ್ಲದ್ದು, ರೋಗಿಯ ಇಚ್ಛೆಗೆ ವಿರುದ್ಧವಾದದ್ದು. ಕೊನೆಯದು ಎಲ್ಲ ದೇಶಗಳಲ್ಲೂ ಕೊಲೆ. ನೋವು ಕಡಿಮೆ ಮಾಡಲು ಮಾರ್ಫಿನ್ ಕೊಡುವುದು ಈ ಯಾವ ವಿಧಕ್ಕೂ ಸೇರದು. ಅದು ಉಪಶಮನ ಆರೈಕೆಯ ಭಾಗ.

ಶಾಸನಗಳ ಸಾಕ್ಷ್ಯ

ಸ್ವಂತ ಇಚ್ಛೆಯ ಸಾವಿಗೆ ಸಮಾಜ ಸಮ್ಮತಿ ಕೊಡಬೇಕೆ ಎಂಬ ಪ್ರಶ್ನೆ ಕನ್ನಡ ನೆಲಕ್ಕೆ ಹೊಸದಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸುಮಾರು ಕ್ರಿ.ಶ. 600ರಿಂದ ಮೊದಲ್ಗೊಂಡು ಶತಮಾನಗಳುದ್ದಕ್ಕೂ ಸಲ್ಲೇಖನದಿಂದ, ಅಂದರೆ ಆಹಾರ ಬಿಟ್ಟು ಸಾವನ್ನು ಎದುರುಗೊಳ್ಳುವ ಜೈನ ವ್ರತದಿಂದ, ಮುಡಿಪಿದ ಮುನಿಗಳ, ಕಂತಿಯರ, ಶ್ರಾವಕ ಶ್ರಾವಕಿಯರ ಸ್ಮಾರಕ ಶಾಸನಗಳು ಸಾಲುಗಟ್ಟಿವೆ. ಗಂಗರ ದೊರೆ ಎರಡನೆಯ ಮಾರಸಿಂಹ ಪಟ್ಟ ಬಿಟ್ಟು, ಬಂಕಾಪುರದಲ್ಲಿ ಅಜಿತಸೇನ ಮುನಿಯ ಸನ್ನಿಧಿಯಲ್ಲಿ ಸುಮಾರು 974ರಲ್ಲಿ ಈ ವ್ರತದಿಂದ ದೇಹ ಬಿಟ್ಟನೆಂದು ಶಾಸನ ಹೇಳುತ್ತದೆ. ರಾಷ್ಟ್ರಕೂಟರ ಕೊನೆಯ ಅರಸ ನಾಲ್ಕನೆಯ ಇಂದ್ರ 982ರಲ್ಲಿ ಬೆಳಗೊಳದಲ್ಲಿಯೇ ಹಾಗೆ ತೀರಿಕೊಂಡ. ಈ ಪರಂಪರೆಯನ್ನು ಷ. ಶೆಟ್ಟರ್ ಅವರು 1989 ಮತ್ತು 1990ರಲ್ಲಿ ಹೊರತಂದ ಎರಡು ಗ್ರಂಥಗಳಲ್ಲಿ ವಿವರವಾಗಿ ಅಧ್ಯಯನ ಮಾಡಿದ್ದಾರೆ.

ಇಂದಿನ ಚರ್ಚೆಗೆ ಈ ಶಾಸನಗಳಿಗಿಂತ ಅವುಗಳ ಹಿಂದಿರುವ ನಿಯಮಗಳೇ ಹೆಚ್ಚು ಉಪಯುಕ್ತ. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರದ ಪ್ರಕಾರ ಪರಿಹಾರವಿಲ್ಲದ ಉಪಸರ್ಗ (ವಿಪತ್ತು), ಬರಗಾಲ, ಮುಪ್ಪು ಇಲ್ಲವೆ ರೋಗ ಒದಗಿದಾಗ ಮಾತ್ರ ಸಲ್ಲೇಖನ ಸಲ್ಲುತ್ತದೆ. ಗುರುವಿನ ಅನುಮತಿ ಬೇಕು, ಆಹಾರವನ್ನು ಹಂತಹಂತವಾಗಿ ಬಿಡಬೇಕು. ತತ್ತ್ವಾರ್ಥಸೂತ್ರ ಈ ವ್ರತಕ್ಕೆ ಐದು ಅತಿಚಾರಗಳನ್ನು, ಅಂದರೆ ದೋಷಗಳನ್ನು, ಹೇಳುತ್ತದೆ. ಬದುಕುವ ಆಸೆ ಅವುಗಳಲ್ಲಿ ಒಂದಾದರೆ, ಬೇಗ ಸಾಯಬೇಕೆಂಬ ಆಸೆ ಇನ್ನೊಂದು. ಸಾವನ್ನು ಬಯಸಿದವನಿಗೆ ಸಾವಿನ ವ್ರತ ಇಲ್ಲ! ಸಮಂತಭದ್ರನ ಬಗ್ಗೆಯೇ ಒಂದು ಐತಿಹ್ಯವಿದೆ: ಭಸ್ಮಕ ರೋಗ ತಗಲಿ, ತಿಂದದ್ದೆಲ್ಲ ಉರಿದುಹೋಗುವ ಹಸಿವಿನಿಂದ ಕಂಗೆಟ್ಟು ಆತ ಸಲ್ಲೇಖನಕ್ಕೆ ಅನುಮತಿ ಕೇಳಿದಾಗ ಗುರು ಒಪ್ಪಲಿಲ್ಲ, ಮೊದಲು ರೋಗ ಕಳೆದುಕೊಂಡು ಬಾ ಎಂದ. ಐತಿಹ್ಯದ ಚಾರಿತ್ರಿಕತೆ ಏನೇ ಇರಲಿ, ಕೇಳಿದ ಮಾತ್ರಕ್ಕೆ ಅನುಮತಿ ಸಿಗುವುದಿಲ್ಲ ಎಂಬ ತತ್ತ್ವವನ್ನು ಆ ಪರಂಪರೆ ತನ್ನ ಆಚಾರ್ಯನ ಬದುಕಿನಲ್ಲಿಯೇ ಇಟ್ಟು ತೋರಿಸಿತು. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮನೆಂದು ತೀರ್ಪು ಕೊಟ್ಟಾಗ ಜೈನ ಸಮಾಜ ಎತ್ತಿದ ಆಕ್ಷೇಪಕ್ಕೆ ಆಧಾರ, ಸಾವನ್ನು ಬಯಸುವುದಕ್ಕೂ ಈ ವ್ರತಕ್ಕೂ ಇರುವ ಭೇದವೇ. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು.

ಆದರೆ ಕರ್ನಾಟಕದ ಕಲ್ಲುಗಳಲ್ಲಿ ಸಲ್ಲೇಖನದ ಸ್ಮಾರಕಗಳಾದ ನಿಷಿಧಿಗಳಷ್ಟೇ ಇಲ್ಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ನಿಂತಿರುವ ಗರುಡಗಂಬ, ಇಮ್ಮಡಿ ಬಲ್ಲಾಳನಿಗಾಗಿ ಪ್ರಾಣ ಕೊಟ್ಟ ಕುವರಲಕ್ಷ್ಮನ ನೆನಪಿನದು. ಅವನ ಹೆಂಡತಿಯೂ ಪರಿವಾರದವರೂ ಜೊತೆಗೆ ಪ್ರಾಣಬಿಟ್ಟರು. ಒಡೆಯ ಸತ್ತಾಗ ಆಳು ಜೀವ ಕೊಡುವ ಕೀಳ್ಗುಂಟೆ, ದೇವರಿಗೆ ತಲೆ ಒಪ್ಪಿಸುವ ಸಿಡಿತಲೆ, ಊರೂರಿನ ಮಾಸ್ತಿಕಲ್ಲು ಇವೆಲ್ಲ ಸಮಾಜ ಬರಿಯ ಅನುಮತಿ ಕೊಟ್ಟ ಸಾವುಗಳಲ್ಲ, ಪುರಸ್ಕರಿಸಿದ ಸಾವುಗಳು. ಗಂಡ ಸತ್ತ ಮೇಲೆ ಬೆಂಕಿ ಹೊಗಲು ಹೊರಟ, 1057ರ ಬೆಳತೂರು ಶಾಸನದ ದೇಕಬ್ಬೆಯನ್ನು ತಂದೆತಾಯಿ, ಬಂಧುಗಳು ಬೇಡವೆಂದು ತಡೆದರು. ಅವಳು ಕೇಳದೆ ಬೆಂಕಿ ಹೊಕ್ಕಳು. ಅವಳನ್ನು ಯಾರೂ ದೂಡಲಿಲ್ಲ ಎಂಬುದಕ್ಕೆ ಶಾಸನವೇ ಸಾಕ್ಷಿ. ಹಾಗಿದ್ದರೆ ಅದು ಸ್ವಂತ ಇಚ್ಛೆಯೆ? ಉತ್ತರ ಕೊಡುವ ಮೊದಲು ಒಂದನ್ನು ಗಮನಿಸಬೇಕು: ಹೋದವಳಿಗೆ ಕಲ್ಲು ನಿಂತಿದೆ, ಉಳಿದುಕೊಂಡವಳಿಗೆ ಯಾವ ಊರೂ ಕಲ್ಲು ನಿಲ್ಲಿಸಿಲ್ಲ. ಒಂದು ಆಯ್ಕೆಗೆ ಕೀರ್ತಿಯನ್ನೂ ಇನ್ನೊಂದಕ್ಕೆ ತಲೆಬೋಳಿಸಿದ ಬಾಳನ್ನೂ ಇಟ್ಟ ಸಮಾಜ ಮುಂದೆ ಯಾರನ್ನೂ ದೂಡಬೇಕಾಗಿಯೇ ಇರಲಿಲ್ಲ. ಅನುಮತಿಯೊಂದು ನ್ಯಾಯವೋ ಅಲ್ಲವೋ ಎಂಬುದು ಒಲ್ಲೆ ಎನ್ನುವುದು ಹೂಂ ಎನ್ನುವಷ್ಟೇ ಸುಲಭವಾಗಿದೆಯೆ ಎಂಬುದರ ಮೇಲೆ ನಿಲ್ಲುತ್ತದೆ. ಮುಂದಿನ ಕಾನೂನಿನ ಚರಿತ್ರೆಯನ್ನು ಈ ಒಂದು ಅಳತೆಯಿಂದ ಓದಬಹುದು.

ಕಾನೂನಿನ ಬೆಳವಣಿಗೆ

1829ರಲ್ಲಿ ಬಂಗಾಳದಲ್ಲಿ ಸತಿ ಪದ್ಧತಿಯನ್ನು ನಿಷೇಧಿಸಿದ ನಿಬಂಧನೆ, ವಿಧವೆ ತಾನಾಗಿಯೇ ಒಪ್ಪಿದ್ದರೂ ನೆರವಾದವರು ತಪ್ಪಿತಸ್ಥರೆಂದು ಹೇಳಿತು. ಮರುವರ್ಷ ಮದ್ರಾಸ್ ಆಧಿಪತ್ಯದಲ್ಲೂ ಅಂಥದೇ ನಿಷೇಧ ಬಂತು. ಕಾರವಾರ, ಅಂಕೋಲೆಗಳು ಸೇರಿದ್ದ ಕೆನರಾ ಜಿಲ್ಲೆ ಆಗ ಮದ್ರಾಸಿನ ಆಡಳಿತದಲ್ಲಿತ್ತು, ಉತ್ತರ ಭಾಗ ಮುಂಬಯಿಗೆ ಸೇರಿದ್ದು 1862ರಲ್ಲಿ. ಸಾಯುವವರ ಒಪ್ಪಿಗೆ ನೆರವಾದವರಿಗೆ ರಕ್ಷೆಯಾಗದು ಎಂಬ ಈ ನಿಯಮ 1860ರ ಭಾರತೀಯ ದಂಡಸಂಹಿತೆಯ 306ನೆಯ ಕಲಮಿನಲ್ಲಿ ಎಲ್ಲ ಬಗೆಯ ಆತ್ಮಹತ್ಯೆಗೂ ವಿಸ್ತರಿಸಿತು. ಜೊತೆಗೆ 309ನೆಯ ಕಲಮು ಆತ್ಮಹತ್ಯೆಗೆ ಯತ್ನಿಸಿ ಬದುಕಿದವರಿಗೆ ಒಂದು ವರ್ಷದವರೆಗಿನ ಸಾದಾ ಸೆರೆವಾಸವನ್ನು ಇಟ್ಟಿತು. ಮೊದಲನೆಯದಕ್ಕೆ ಕಾರಣ ಇತ್ತು; ಎರಡನೆಯದು ನೊಂದವರನ್ನೇ ಮತ್ತೆ ದಂಡಿಸುವ ಕಲಮು. ಕಾನೂನು ಆಯೋಗ 1971ರ 42ನೆಯ ವರದಿಯಲ್ಲೂ 2008ರ 210ನೆಯ ವರದಿಯಲ್ಲೂ ಇದನ್ನು ತೆಗೆಯಲು ಹೇಳಿತು. 1994ರಲ್ಲಿ ಪಿ. ರತ್ನಂ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ 309ನ್ನು ಸಂವಿಧಾನಬಾಹಿರವೆಂದಿತು. 1996ರಲ್ಲಿ ಜ್ಞಾನ್ ಕೌರ್ ಮೊಕದ್ದಮೆಯಲ್ಲಿ ಐವರ ಪೀಠ ಅದನ್ನು ತಳ್ಳಿಹಾಕಿ, ಬದುಕುವ ಹಕ್ಕಿನೊಳಗೆ ಸಾಯುವ ಹಕ್ಕು ಇಲ್ಲ ಎಂದು ತೀರ್ಮಾನಿಸಿತು. ಆದರೆ ಅದೇ ತೀರ್ಪು, ಈಗಾಗಲೇ ಆರಂಭವಾದ ಸಾವು ಘನತೆಯಿಂದ ಮುಗಿಯುವುದು ಬದುಕಿನದೇ ಭಾಗ ಎಂಬ ಒಂದು ಕಿಂಡಿಯನ್ನು ತೆರೆದಿಟ್ಟಿತು.

2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಮು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ ಎಂದು ಹೇಳಿತು. 2024ರ ಜುಲೈ 1ರಿಂದ ದಂಡಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309ಕ್ಕೆ ನೇರವಾದ ಕಲಮೇ ಇಲ್ಲ. ಸರ್ಕಾರಿ ನೌಕರನ ಕರ್ತವ್ಯಕ್ಕೆ ಒತ್ತಡ ತರಲು ಆತ್ಮಹತ್ಯೆಗೆ ಯತ್ನಿಸುವುದನ್ನು ಮಾತ್ರ 226ನೆಯ ಕಲಮು ಶಿಕ್ಷಿಸುತ್ತದೆ. ಆತ್ಮಹತ್ಯೆಗೆ ಕುಮ್ಮಕ್ಕು ಕೊಟ್ಟವರಿಗೆ 108ನೆಯ ಕಲಮಿನಡಿ ಹತ್ತು ವರ್ಷದವರೆಗೆ ಸೆರೆವಾಸ. ಸತ್ತವರು ಮಗುವಾಗಿದ್ದರೆ ಅಥವಾ ಬುದ್ಧಿ ಸ್ವಾಧೀನದಲ್ಲಿಲ್ಲದವರಾಗಿದ್ದರೆ 107ನೆಯ ಕಲಮಿನಡಿ ಮರಣದಂಡನೆಯವರೆಗೂ ಹೋಗಬಹುದು. ಯತ್ನಿಸಿದವರಿಗೆ ಶಿಕ್ಷೆಯಿಲ್ಲ, ನೆರವಾದವರಿಗೆ ಇದೆ. ಅಪರಾಧವಲ್ಲದ ಕೆಲಸಕ್ಕೆ ನೆರವಾಗುವುದು ಹೇಗೆ ಅಪರಾಧ ಎಂಬ ಆಕ್ಷೇಪ ತರ್ಕದ ದೃಷ್ಟಿಯಿಂದ ಚೂಪಾದದ್ದೇ. ಆದರೆ 309ನ್ನು ಕೈಬಿಟ್ಟಿದ್ದು ಆತ್ಮಹತ್ಯೆಯನ್ನು ಹಕ್ಕೆಂದು ಒಪ್ಪಿದ್ದರಿಂದ ಅಲ್ಲ, ಯತ್ನಿಸಿದವರಿಗೆ ಜೈಲಿಗಿಂತ ಆರೈಕೆ ಬೇಕೆಂಬ ಕಾರಣದಿಂದ. ನೆರವಾಗುವವರು ಆ ಸಂಕಟದ ಹೊರಗೆ ನಿಂತು ಯೋಚಿಸಬಲ್ಲವರು. ಹೊಣೆ ಅವರ ಮೇಲಿರುವುದರಲ್ಲಿ ಅಸಂಗತಿ ಇಲ್ಲ.

ಅರುಣಾ ಶಾನಭಾಗ ಮೊಕದ್ದಮೆ

1948ರಲ್ಲಿ ಹಳದೀಪುರದಲ್ಲಿ ಹುಟ್ಟಿದ ಅರುಣಾ ರಾಮಚಂದ್ರ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಆಸ್ಪತ್ರೆಯೊಳಗೇ ಅವರ ಮೇಲೆ ಲೈಂಗಿಕ ಹಲ್ಲೆ ನಡೆಯಿತು. ಕುತ್ತಿಗೆಗೆ ಬಿಗಿದ ನಾಯಿ ಸರಪಳಿಯಿಂದ ಮಿದುಳಿಗೆ ರಕ್ತ, ಆಮ್ಲಜನಕ ನಿಂತು ಅವರು ಮತ್ತೆ ಎಚ್ಚರಕ್ಕೆ ಬರಲಾರದ ಸ್ಥಿತಿಗೆ ಬಿದ್ದರು. ಅದೇ ಆಸ್ಪತ್ರೆಯ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಸುಮಾರು 42 ವರ್ಷ ಅವರನ್ನು ನೋಡಿಕೊಂಡರು. ಅವರ ಕುರಿತು 1998ರಲ್ಲಿ ಪುಸ್ತಕ ಬರೆದಿದ್ದ ಪತ್ರಕರ್ತೆ ಪಿಂಕಿ ವಿರಾನಿ, ಆಹಾರ ಕೊಡುವುದನ್ನು ನಿಲ್ಲಿಸಲು ಅನುಮತಿ ಕೋರಿ ಸುಪ್ರೀಂ ಕೋರ್ಟಿಗೆ ಹೋದರು. ಆಸ್ಪತ್ರೆಯ ಸಿಬ್ಬಂದಿ ಅದನ್ನು ವಿರೋಧಿಸಿದರು. 2011ರ ಮಾರ್ಚ್ 7ರಂದು ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನ ಸುಧಾ ಮಿಶ್ರಾ ಅವರ ಪೀಠ ಅರ್ಜಿಯನ್ನು ವಜಾ ಮಾಡಿತು. ಅರುಣಾ ಪರವಾಗಿ ಮಾತಾಡುವ ಆಪ್ತರು ಲೇಖಕಿಯಲ್ಲ, ದಿನವೂ ನೋಡಿಕೊಳ್ಳುವ ದಾದಿಯರು ಎಂಬುದು ಪೀಠದ ತೀರ್ಮಾನ. ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಅನುಮತಿ ಪಡೆದು ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆದುಕೊಳ್ಳಬಹುದೆಂದು ಭಾರತದಲ್ಲಿ ಮೊದಲ ಬಾರಿಗೆ ನಿಷ್ಕ್ರಿಯ ದಯಾಮರಣಕ್ಕೆ ಕ್ರಮ ಹಾಕಿಕೊಟ್ಟಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ ಬಂದ ಹಕ್ಕು ಅವರ ಮೇಲೆ ಒಮ್ಮೆಯೂ ಬಳಕೆಯಾಗಲಿಲ್ಲ.

ಈ ಮೊಕದ್ದಮೆಯಿಂದ ಎರಡೂ ಪಕ್ಷದವರು ತಮಗೆ ಬೇಕಾದ ಪಾಠವನ್ನು ಎತ್ತಿಕೊಳ್ಳುತ್ತಾರೆ. ಎಚ್ಚರವೇ ಇಲ್ಲದ ದೇಹವನ್ನು ನಾಲ್ಕು ದಶಕ ಉಳಿಸಿದ್ದು ಯಾರ ಹಿತಕ್ಕೆ ಎಂದು ಒಬ್ಬರು. ಆ ದಾದಿಯರ ಆರೈಕೆಗಿಂತ ದೊಡ್ಡ ಘನತೆ ಯಾವುದು ಎಂದು ಇನ್ನೊಬ್ಬರು. ಎರಡೂ ಪ್ರಶ್ನೆಗಳು ಹೊರಗಿನವರವು. ಅರುಣಾಗೆ ಏನು ಬೇಕಿತ್ತು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತೈದರ ವಯಸ್ಸಿನಲ್ಲಿ ಯಾರೂ ಅದನ್ನು ಹೇಳಿಟ್ಟಿರುವುದಿಲ್ಲ, ಹೇಳಿಡಲು ಆಗ ಕಾನೂನಿನಲ್ಲಿ ದಾರಿಯೂ ಇರಲಿಲ್ಲ. ಮೌನವಾಗಿರುವವರ ಪರವಾಗಿ ಮಾತಾಡುವ ಅಧಿಕಾರವನ್ನು ನ್ಯಾಯಾಲಯ ಆರೈಕೆ ಮಾಡಿದವರಿಗೆ ಕೊಟ್ಟಿತು, ಸಾವನ್ನು ಕೋರಿದವರಿಗೆ ಕೊಡಲಿಲ್ಲ. ಇಚ್ಛೆ ತಿಳಿಯದಿರುವಾಗ ಒಲ್ಲೆ ಎಂದೇ ಓದಿಕೊಳ್ಳುವುದು ತಪ್ಪಿದರೂ ತಿದ್ದಿಕೊಳ್ಳಬಹುದಾದ ತಪ್ಪು; ಹೂಂ ಎಂದು ಓದಿಕೊಂಡರೆ ತಿದ್ದಲು ಏನೂ ಉಳಿಯುವುದಿಲ್ಲ.

ಮುಂಗಡ ವೈದ್ಯಕೀಯ ನಿರ್ದೇಶನ

ಆ ಮೌನವನ್ನು ತುಂಬುವ ಸಾಧನ ಲಿವಿಂಗ್ ವಿಲ್ ಅಥವಾ ಮುಂಗಡ ವೈದ್ಯಕೀಯ ನಿರ್ದೇಶನ. ಕಾಮನ್ ಕಾಸ್ ಸಂಸ್ಥೆ 2005ರಲ್ಲಿ ಹೂಡಿದ ಅರ್ಜಿಯ ಮೇಲೆ 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಇದಕ್ಕೆ ಮಾನ್ಯತೆ ಕೊಟ್ಟಿತು. ಮೊದಲು ಹಾಕಿದ ಕ್ರಮ ಎಷ್ಟು ತೊಡಕಿನದಾಗಿತ್ತೆಂದರೆ ಪತ್ರಕ್ಕೆ ಮ್ಯಾಜಿಸ್ಟ್ರೇಟರ ಮೇಲುಸಹಿ ಬೇಕಿತ್ತು, ಚಿಕಿತ್ಸೆ ನಿಲ್ಲಿಸುವ ನಿರ್ಧಾರವನ್ನು ಪರಿಶೀಲಿಸುವ ಎರಡು ವೈದ್ಯಮಂಡಳಿಗಳಲ್ಲಿ ಎರಡನೆಯದನ್ನು ಜಿಲ್ಲಾಧಿಕಾರಿ ರಚಿಸಬೇಕಿತ್ತು. 2023ರ ಜನವರಿ 24ರಂದು ನ್ಯಾಯಾಲಯ ಅದನ್ನು ಸಡಿಲಿಸಿತು. ಈಗ ಸ್ವಸ್ಥಚಿತ್ತರಾದ ವಯಸ್ಕರು ಇಬ್ಬರು ಸಾಕ್ಷಿಗಳೆದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತಾವು ಮಾತಾಡಲಾರದ ಸ್ಥಿತಿಗೆ ಬಂದಾಗ ತಮ್ಮ ಪರವಾಗಿ ನಿರ್ಧರಿಸುವವರ ಹೆಸರುಗಳನ್ನು ಅದರಲ್ಲಿ ಬರೆಯಬೇಕು. ಪತ್ರವನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ರದ್ದು ಮಾಡಬಹುದು.

ಚಿಕಿತ್ಸೆ ನಿಲ್ಲಿಸುವ ಹಂತ ಬಂದಾಗ ಆಸ್ಪತ್ರೆಯ ಪ್ರಾಥಮಿಕ ಮಂಡಳಿ, ಅಂದರೆ ಚಿಕಿತ್ಸೆ ಕೊಡುತ್ತಿರುವ ವೈದ್ಯರೂ ಕನಿಷ್ಠ ಐದು ವರ್ಷ ಅನುಭವವಿರುವ ಇಬ್ಬರು ವಿಷಯತಜ್ಞರೂ, ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡುತ್ತದೆ. ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಹೆಸರಿಸಿದ ಒಬ್ಬ ವೈದ್ಯರಿರುವ ದ್ವಿತೀಯ ಮಂಡಳಿ ಅದನ್ನು ಮತ್ತೆ ಪರಿಶೀಲಿಸುತ್ತದೆ. ಪತ್ರದಲ್ಲಿ ಹೆಸರಿಸಿದವರ ಅಥವಾ ಹತ್ತಿರದ ಬಂಧುಗಳ ಸಮ್ಮತಿ ಬೇಕು. ಜಾರಿಗೆ ಮೊದಲು ಪ್ರಥಮ ದರ್ಜೆ ಜುಡಿಷಿಯಲ್ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು. ಪತ್ರ ಬರೆದಿಡದ ರೋಗಿಗಳಿಗೂ ಇದೇ ಎರಡು ಮಂಡಳಿಗಳ ಕ್ರಮ ಅನ್ವಯಿಸುತ್ತದೆ. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಹೊರಡಿಸಿದ ಸುತ್ತೋಲೆ ಈ ಮಂಡಳಿಗಳನ್ನು ಆಸ್ಪತ್ರೆಗಳಲ್ಲಿ ರಚಿಸಲು ಹೇಳಿ, ದ್ವಿತೀಯ ಮಂಡಳಿಗೆ ವೈದ್ಯರನ್ನು ಹೆಸರಿಸುವ ಹೊಣೆಯನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ವಹಿಸಿತು. ಎರಡು ದಶಕಗಳಿಗೂ ಹೆಚ್ಚು ಕಾಲ ಘನತೆಯ ಸಾವಿಗಾಗಿ ಅರ್ಜಿ ಬರೆಯುತ್ತ ಬಂದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರ ಹೆಸರು ಆಗ ಪತ್ರಿಕೆಗಳಲ್ಲಿ ಮತ್ತೆ ಬಂತು. ಸುತ್ತೋಲೆಯಿಂದ ಬೇಕೆಂದವರಿಗೆ ಸಾವು ಸಿಗುತ್ತದೆ ಎಂಬ ತಪ್ಪು ತಿಳಿವಳಿಕೆಯೂ ಜೊತೆಗೇ ಹರಡಿತು. ಅದು ಚುಚ್ಚುಮದ್ದಿನ ಸಾವಿಗೆ ಅನುಮತಿ ಕೊಡುವುದಿಲ್ಲ. ಗುಣವಾಗುವ ಆಸೆಯಿಲ್ಲದೆ ಜೀವರಕ್ಷಕ ಚಿಕಿತ್ಸೆಯ ಮೇಲಿರುವವರಿಗೆ ಮಾತ್ರ ಅದರ ಅನ್ವಯ.

ಹೊರದೇಶಗಳ ಕಾನೂನು

ಸ್ವಿಟ್ಜರ್‌ಲ್ಯಾಂಡಿನ ದಂಡಸಂಹಿತೆಯ 115ನೆಯ ಕಲಮು ಸ್ವಾರ್ಥದ ಉದ್ದೇಶದಿಂದ ಆತ್ಮಹತ್ಯೆಗೆ ನೆರವಾದವರನ್ನಷ್ಟೇ ಶಿಕ್ಷಿಸುತ್ತದೆ. ಅಲ್ಲಿನ ವ್ಯವಸ್ಥೆಯೆಲ್ಲ ಆ ಒಂದು ಷರತ್ತಿನ ಮೇಲೆ ಬೆಳೆದಿದೆ. ಅಮೆರಿಕದ ಓರೆಗಾನ್ ರಾಜ್ಯದಲ್ಲಿ 1997ರಿಂದ, ಆರು ತಿಂಗಳಿಗಿಂತ ಹೆಚ್ಚು ಬದುಕಲಾರರೆಂದು ವೈದ್ಯರು ಹೇಳಿದ ವಯಸ್ಕರು ತಾವೇ ಸೇವಿಸಲು ಔಷಧ ಪಡೆಯಬಹುದು. ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂ 2002ರಿಂದ ವೈದ್ಯರೇ ನಡೆಸುವ ಸಕ್ರಿಯ ದಯಾಮರಣವನ್ನು ಒಪ್ಪಿವೆ. ಕೆನಡಾ 2016ರಲ್ಲಿ ಸಾವು ಸಮೀಪಿಸಿದವರಿಗಾಗಿ ಕಾನೂನು ಮಾಡಿ, 2021ರಲ್ಲಿ ಸಮೀಪಿಸಿರಬೇಕೆಂಬ ಷರತ್ತನ್ನೇ ತೆಗೆಯಿತು. ಮಾನಸಿಕ ಕಾಯಿಲೆ ಮಾತ್ರ ಇರುವವರಿಗೂ ವಿಸ್ತರಿಸುವ ಪ್ರಸ್ತಾಪವನ್ನು 2027ರ ಮಾರ್ಚ್‌ಗೆ ಮುಂದೂಡಿದೆ. ಓರೆಗಾನ್ ಪ್ರತಿವರ್ಷ ಪ್ರಕಟಿಸುವ ಅಂಕಿಅಂಶಗಳಲ್ಲಿ ಔಷಧ ಕೇಳಿದವರು ಕೊಟ್ಟ ಕಾರಣಗಳ ಪಟ್ಟಿ ಇದೆ. ಮೊದಲ ಸ್ಥಾನ ನೋವಿಗಲ್ಲ. ಸ್ವಾತಂತ್ರ್ಯ ಕಳೆದುಕೊಳ್ಳುವುದು, ಇಷ್ಟದ ಕೆಲಸ ಮಾಡಲಾಗದಿರುವುದು, ಘನತೆ ಹೋಗುವುದು ಇವು ಮುಂದಿವೆ. ಮನೆಯವರಿಗೆ ಹೊರೆಯಾಗುತ್ತೇನೆ ಎಂಬ ಕಾರಣ ಕೊಟ್ಟವರು ನೂರರಲ್ಲಿ ನಲವತ್ತಕ್ಕೂ ಹೆಚ್ಚು. ನರಳಿಕೆ ತಪ್ಪಿಸಲು ತಂದ ಕಾನೂನು ಹೊರೆಯ ಭಯಕ್ಕೆ ಉತ್ತರವಾಗಿ ಬಳಕೆಯಾಗುತ್ತಿದೆ ಎಂಬುದನ್ನು ಅದರ ಸಮರ್ಥಕರೂ ಅಲ್ಲಗಳೆಯಲಾರರು.

ಆಕ್ಷೇಪಗಳು

ನಿಷ್ಕ್ರಿಯವನ್ನು ಒಪ್ಪಿ ಸಕ್ರಿಯವನ್ನು ನಿಷೇಧಿಸುವುದು ಕಪಟವೆಂಬುದು ಭಾರತದ ಕಾನೂನಿನ ಈ ನಿಲುವಿಗೆ ಎದುರಾಗುವ ಅತಿ ಬಲವಾದ ಆಕ್ಷೇಪ. ಅಮೆರಿಕದ ತತ್ತ್ವಶಾಸ್ತ್ರಜ್ಞ ಜೇಮ್ಸ್ ರೇಚಲ್ಸ್ 1975ರ ಲೇಖನವೊಂದರಲ್ಲಿ, ಕೊಲ್ಲುವುದಕ್ಕೂ ಸಾಯಬಿಡುವುದಕ್ಕೂ ನೈತಿಕವಾಗಿ ಅಂತರವಿಲ್ಲ, ಕೆಲವೊಮ್ಮೆ ಸಾಯಬಿಡುವುದೇ ಹೆಚ್ಚು ಕ್ರೂರ ಎಂದು ವಾದಿಸಿದರು. ಹಾಸಿಗೆಯಲ್ಲಿರುವ ಒಬ್ಬ ರೋಗಿಯನ್ನು ಮಾತ್ರ ನೋಡಿದರೆ ಈ ವಾದವನ್ನು ಸೋಲಿಸುವುದು ಕಷ್ಟ. ಕಾನೂನು ಒಬ್ಬ ರೋಗಿಗಾಗಿ ಇರುವುದಿಲ್ಲ ಎಂಬುದೇ ಇದಕ್ಕೆ ಉತ್ತರ. ಚಿಕಿತ್ಸೆ ಬೇಡವೆನ್ನುವ ಹಕ್ಕು ತನ್ನ ದೇಹವನ್ನು ಇತರರು ಮುಟ್ಟದಂತೆ ತಡೆಯುವ ಹಕ್ಕು. ಅದು ಪ್ರತಿಯೊಬ್ಬರಿಗೂ ಮೊದಲಿನಿಂದಲೇ ಇದೆ, ಅದನ್ನು ಚಲಾಯಿಸಿದಾಗ ಬೇರೆ ಯಾರೂ ಹೊಸ ಅಧಿಕಾರ ಪಡೆಯುವುದಿಲ್ಲ. ನೆರವಿನ ಸಾವನ್ನು ಒಪ್ಪಿದರೆ ಕೊಲ್ಲುವ ಇಲ್ಲವೆ ಕೊಲ್ಲಲು ಒದಗಿಸುವ ಅಧಿಕಾರ ವೈದ್ಯರಿಗೆ ಹೊಸದಾಗಿ ಸಿಗುತ್ತದೆ, ಅದಕ್ಕೆ ಒಬ್ಬರು ಅರ್ಹರೋ ಅಲ್ಲವೋ ಎಂದು ತೂಗುವ ಕೆಲಸ ಸಮಾಜದ್ದಾಗುತ್ತದೆ. ನಿಮ್ಮ ಬದುಕು ಮುಗಿಸಬಹುದಾದ ಬದುಕು ಎಂದು ಸಮಾಜ ಒಬ್ಬರಿಗೆ ಪ್ರಮಾಣಪತ್ರ ಕೊಟ್ಟ ದಿನ, ಅಂಥದೇ ಕಾಯಿಲೆಯಿದ್ದೂ ಬದುಕಬಯಸುವ ಮತ್ತೊಬ್ಬರು ತಾವು ಏಕೆ ಉಳಿದಿದ್ದೇವೆಂದು ವಿವರಿಸಬೇಕಾಗುತ್ತದೆ.

ಎರಡನೆಯ ಆಕ್ಷೇಪ ಸ್ವಾತಂತ್ರ್ಯದ್ದು: ಒತ್ತಡಕ್ಕೆ ಒಳಗಾಗಬಹುದಾದವರ ಹೆಸರಿನಲ್ಲಿ, ಯಾವ ಒತ್ತಡವೂ ಇಲ್ಲದೆ ಯೋಚಿಸಿ ಕೇಳುವವರ ಹಕ್ಕನ್ನು ಏಕೆ ಕಸಿಯಬೇಕು? ಈ ಮಾತಿನಲ್ಲಿ ಸತ್ಯವಿದೆ. ಇಂದಿನ ಕಾನೂನು ಅಂಥವರಿಗೆ ನಿಜವಾಗಿ ಕಷ್ಟ ಕೊಡುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಎರಡು ಗುಂಪುಗಳ ಗಾತ್ರವನ್ನು ಹೋಲಿಸಬೇಕು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರಲ್ಲಿ ಭಾರತದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು, ಕರ್ನಾಟಕದಲ್ಲಿ 13,606. ಶೇ. 31.7ರಷ್ಟಕ್ಕೆ ಕೌಟುಂಬಿಕ ಸಮಸ್ಯೆ, ಶೇ. 18.4ರಷ್ಟಕ್ಕೆ ಕಾಯಿಲೆ ಕಾರಣವೆಂದು ದಾಖಲಾಗಿದೆ. ಸತ್ತವರಲ್ಲಿ ನಾಲ್ಕಕ್ಕೊಬ್ಬರಿಗಿಂತ ಹೆಚ್ಚು ಜನ ದಿನಗೂಲಿಯವರು. ಈ ಸಾವುಗಳಿಗೆ ಕಾರಣವಾದ ಕೂಲಿ, ಸಾಲ, ಜಗಳ, ಔಷಧದ ಖರ್ಚು ಯಾವುದೂ ತತ್ತ್ವಶಾಸ್ತ್ರದ ಆಯ್ಕೆಗಳಲ್ಲ. ನೆರವಿನ ಸಾವಿನ ಕಾನೂನನ್ನು ಎಷ್ಟೇ ಬಿಗಿಯಾಗಿ ಬರೆದರೂ ಅದು ಜಾರಿಯಾಗುವುದು ಇದೇ ಜನರ ನಡುವೆ. 2022ರ ಅಕ್ಟೋಬರ್ 10ರಂದು ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ನೆರವು ಎಂಬ ಪದವನ್ನು ಸಮಾಜ ಮೊದಲು ಬಳಸಬೇಕಾದ ಜಾಗ ಇದು.

ಮೂರನೆಯದು ವಿರುದ್ಧ ದಿಕ್ಕಿನದು: ಜೀವ ಕೊಟ್ಟವನು ದೇವರು, ಚಿಕಿತ್ಸೆ ನಿಲ್ಲಿಸುವುದೂ ಪಾಪ ಎಂಬುದು. ಆದರೆ ಕೊನೆಯುಸಿರನ್ನು ಯಂತ್ರದಿಂದ ಎಳೆಯಬೇಕೆಂದು ಈ ನೆಲದ ಯಾವ ಸಂಪ್ರದಾಯವೂ ಹೇಳಿಲ್ಲ. ಇನ್ನಾಗದೆಂದು ಗೊತ್ತಾದಾಗ ಮನೆಗೆ ತಂದು ಬಾಯಿಗೆ ತುಳಸಿನೀರು ಬಿಡುವ ರೂಢಿ, ನ್ಯಾಯಾಲಯ 2011ರಲ್ಲಿ ಒಪ್ಪಿದ್ದನ್ನು ಮೊದಲೇ ಒಪ್ಪಿತ್ತು.

ಉತ್ತರ ಕನ್ನಡದಲ್ಲಿ ಇಂದಿನ ಸ್ಥಿತಿ

ಆ ರೂಢಿಯಲ್ಲಿಯೇ ಇಂದಿನ ತೊಡಕೂ ಇದೆ. ಇನ್ನಾಗದು ಎಂಬುದನ್ನು ತೀರ್ಮಾನಿಸಿದ್ದು ರೋಗವೋ ದುಡ್ಡೋ ದೂರವೋ ಎಂಬುದನ್ನು ಡಿಸ್ಚಾರ್ಜ್ ಕಾಗದ ಹೇಳುವುದಿಲ್ಲ. ಕಾರವಾರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ನಡೆಯುತ್ತಿದೆ. ಕಾಳಿ ದಡದ ಮಲ್ಲಾಪುರದಲ್ಲಿ, ಕೈಗಾ ಅಣುವಿದ್ಯುತ್ ಸ್ಥಾವರದ ನೌಕರರ ವಸತಿನೆಲೆಯಲ್ಲಿ, ಸ್ಥಾವರದ ಆಸ್ಪತ್ರೆಯಿದೆ. ಆದರೂ ತಲೆಗೆ ಪೆಟ್ಟು, ಪಾರ್ಶ್ವವಾಯು, ಕ್ಯಾನ್ಸರ್ ಎಂದಾಗ ಕಾರವಾರ, ಅಂಕೋಲೆಗಳ ಜನ ಗೋವಾದ ಬಾಂಬೋಳಿಗೋ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೊರಡುವುದು ತಪ್ಪಿಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಸತ್ತಾಗ, ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ದೊಡ್ಡ ಚಳವಳಿಯಾಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಆಗಸ್ಟ್ 7ರಂದು ಗೋವಾ ದಿಕ್ಕಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಆಸ್ಪತ್ರೆಯ ದಾರಿಯೇ ಹೀಗಿರುವಲ್ಲಿ ಚಿಕಿತ್ಸೆ ಬೇಡವೆನ್ನುವುದು ಎಷ್ಟರಮಟ್ಟಿಗೆ ಆಯ್ಕೆ? ಚಿಕಿತ್ಸೆ ನಿರಾಕರಿಸುವ ಹಕ್ಕು ಅರ್ಥ ಪಡೆಯುವುದು ಚಿಕಿತ್ಸೆ ಕೈಗೆಟುಕಿದ ಮೇಲೆ.

ಇದೇ ಮಾತು ನೋವಿನ ಆರೈಕೆಗೂ ಸಲ್ಲುತ್ತದೆ. 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ತನ್ನ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ಕೊಡುತ್ತಿದೆ. ಮಾರ್ಫಿನ್ ಇಟ್ಟುಕೊಳ್ಳಲು ಆಸ್ಪತ್ರೆಗಳಿಗಿದ್ದ ಪರವಾನಗಿಯ ಕಗ್ಗಂಟನ್ನು ಸಂಸತ್ತು 2014ರಲ್ಲಿ ಸಡಿಲಿಸಿತು. ಆ ಆರೈಕೆ ಕಾರವಾರದ ಹಳ್ಳಿಯ ಮನೆಬಾಗಿಲಿಗೆ ಬರುವ ಮೊದಲು ಸಾವಿಗೆ ನೆರವು ಬಂದರೆ ಕ್ರಮ ತಲೆಕೆಳಗಾಗುತ್ತದೆ. ಗಡಿಯ ಜಿಲ್ಲೆಗೆ ಇನ್ನೊಂದು ಪ್ರಾಯೋಗಿಕ ತೊಡಕಿದೆ: ಕರ್ನಾಟಕದ ಸುತ್ತೋಲೆ ಬಾಂಬೋಳಿಯ ಆಸ್ಪತ್ರೆಗೆ ಅನ್ವಯಿಸದು. ಅಲ್ಲಿ ದಾಖಲಾದ ಕಾರವಾರದ ರೋಗಿಯ ಮುಂಗಡ ನಿರ್ದೇಶನದ ಪತ್ರವನ್ನು ಸುಪ್ರೀಂ ಕೋರ್ಟಿನ ತೀರ್ಪಿನ ಬಲದ ಮೇಲೆ, ಗೋವಾದ ವ್ಯವಸ್ಥೆಯಂತೆ ಪರಿಶೀಲಿಸಬೇಕು. ಆದ್ದರಿಂದ ಪತ್ರ ಬರೆಯುವವರು ಅದರ ಪ್ರತಿಗಳನ್ನು ಅದರಲ್ಲಿ ಹೆಸರಿಸಿದವರ ಕೈಯಲ್ಲೂ ಮನೆಯ ವೈದ್ಯರ ಬಳಿಯೂ ಇಡುವುದು ಅಗತ್ಯ. ಒಂದು ಪ್ರತಿಯನ್ನು ಸ್ಥಳೀಯ ಸಂಸ್ಥೆಯ ಅಧಿಕಾರಿಗೂ ಕೊಡಬೇಕೆಂಬ ನಿಯಮವಿದೆ. ಆ ಸಂಸ್ಥೆ ಕಾರವಾರದಲ್ಲಿ ನಗರಸಭೆ, ಅಂಕೋಲೆಯಲ್ಲಿ ಪುರಸಭೆ, ಮಲ್ಲಾಪುರದಲ್ಲಿ ಗ್ರಾಮ ಪಂಚಾಯಿತಿ.